ಮೈತುಂಬಾ ಚುಕ್ಕೆ, ಗಂಡಿಗೆ ಒಂದೇ ವರ್ಷ ಆಯಸ್ಸು: ನಾರ್ದರ್ನ್ ಕ್ವೋಲ್ ಅನ್ನೋ ರಾತ್ರಿ ಬೇಟೆಗಾರನ ಬದುಕು

ಹೋದ ಜೂನ್ ಕೊನೇಲಿ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಕಳ್ಸಿದ್ದು ನಮ್ಮಕ್ಕನ ಮಗಳು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರಕ್ಕೆ ಮರೀಬಾ ಅಂತ ಒಂದೂರಿದೆ, ಮಾವಿನ ತೋಟ ಕಬ್ಬಿನ ಗದ್ದೆ ಇರೋ ಕಡೆ, ಅವಳು ಅಲ್ಲೇ ಕೆಲಸದಲ್ಲಿರೋದು. ಅವಳ ಮನೆ ಓನರ್ ಹಿತ್ತಲಲ್ಲಿ ಕೋಳಿ ಸಾಕಿದಾರಂತೆ, ಒಂದು ಬೆಳಗ್ಗೆ ಎದ್ದು ನೋಡಿದ್ರೆ ಮೂರು ಕೋಳಿ ಕತ್ತಿನ ಹಿಂದೆ ಕಚ್ಚಿಸ್ಕೊಂಡು ಸತ್ತು ಬಿದ್ದಿದ್ವು, ಮಾರನೇ ರಾತ್ರಿ ಇವರೆಲ್ಲ ಟಾರ್ಚ್ ಹಿಡ್ಕೊಂಡು ಕಾದು ಕೂತಾಗ ಗೂಡಿನ ತಗಡಿನ ಮೇಲೆ ಸಿಕ್ಕಿದ್ದು ಈ ಪ್ರಾಣಿ. ಕಂದು ಮೈ, ಅಕ್ಕಿಹಿಟ್ಟಲ್ಲಿ ಬೆರಳದ್ದಿ ಅಲ್ಲಲ್ಲಿ ಒತ್ತಿದ ಹಾಗೆ ಬಿಳಿ ಚುಕ್ಕೆ, ಚೂಪು ಮೂತಿ, ಗುಲಾಬಿ ಮೂಗು, ದೊಡ್ಡ ಕಪ್ಪು ಕಣ್ಣು. "ಚಿಕ್ಕಮ್ಮ, ಇದೇನು ಹೇಳಿ ನೋಡೋಣ" ಅಂತ ಕೆಳಗೆ ಬರೆದಿದ್ಲು.

ತೀರ್ಥಹಳ್ಳಿಲಿರೋ ನಮ್ಮಮ್ಮ ನೋಡಿದ್ದೇ ತಡ "ಅದು ಪುನುಗು ಬೆಕ್ಕಿನ ಮರಿ ಕಣೇ" ಅಂತ ವಾಯ್ಸ್ ಮೆಸೇಜ್ ಹಾಕಿದ್ರು, ಭಾವ ಮುಂಗುಸಿ ಅಂದ್ರು, ತಮ್ಮನ ಮಗ ಚುಕ್ಕೆ ಹೆಗ್ಗಣ ಅಂದ. ಮೂರೂ ಅಲ್ಲ. ಅದರ ಹೆಸರು ನಾರ್ದರ್ನ್ ಕ್ವೋಲ್. ಇಷ್ಟು ಹೇಳಿ ಸುಮ್ನಿರಬಹುದಿತ್ತು, ಆದ್ರೆ ಮನೆಯವರೆಲ್ಲ ಒಂದೊಂದೇ ಪ್ರಶ್ನೆ ಕೇಳ್ತಾ ಹೋದ್ರು, ನಾನೂ ಓದ್ತಾ ಹೋದೆ. ಓದಿದಷ್ಟೂ ಈ ಅರ್ಧ ಕೆಜಿ ಪ್ರಾಣಿ ಮೇಲೆ ಪ್ರೀತಿ ಜಾಸ್ತಿ ಆಯ್ತು. ಗ್ರೂಪಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ಒಟ್ಟಿಗೆ ಸೇರ್ಸಿ ಇಲ್ಲಿ ಬರೀತಿದೀನಿ.

ಬೆಕ್ಕೂ ಅಲ್ಲ, ಇಲೀನೂ ಅಲ್ಲ

ನೋಡೋಕೆ ಬೆಕ್ಕಿನ ತರ ಇದೆ ಅಂತ ಅನ್ಸೋದು ಸಹಜ. ಆಸ್ಟ್ರೇಲಿಯಾಕ್ಕೆ ಹೋದ ಇಂಗ್ಲಿಷರಿಗೂ ಹಾಗೇ ಅನ್ಸಿ ತುಂಬಾ ವರ್ಷ ಇದನ್ನ "ನೇಟಿವ್ ಕ್ಯಾಟ್" ಅಂತಾನೇ ಕರೀತಿದ್ರು. ಆದ್ರೆ ಕ್ವೋಲ್ ಅನ್ನೋ ಹೆಸರು ಅಲ್ಲಿನ ಮೂಲನಿವಾಸಿಗಳದ್ದು. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಹವಳದ ದಿಬ್ಬಕ್ಕೆ ತಾಗಿ ತೂತಾಗಿ, ರಿಪೇರಿಗೆ ಅಂತ ಈಗಿನ ಕುಕ್‌ಟೌನ್ ಹತ್ರ ನದಿ ದಡದಲ್ಲಿ ವಾರಗಟ್ಟಲೆ ನಿಂತಿತ್ತು. ಅಲ್ಲಿನ ಗೂಗು ಯಿಮಿಥಿರ್ ಭಾಷೆ ಆಡೋ ಜನರಿಂದ ಆ ಹಡಗಿನವರು ಕೇಳಿ ಬರ್ಕೊಂಡ ಪದಗಳಲ್ಲಿ ಕಾಂಗರೂ ಒಂದು, ಕ್ವೋಲ್ ಇನ್ನೊಂದು. ಕಾಂಗರೂ ಪ್ರಪಂಚಕ್ಕೆಲ್ಲ ಗೊತ್ತಾಯ್ತು, ಕ್ವೋಲ್ ಮೂಲೆಗೆ ಬಿತ್ತು.

ಬೆಕ್ಕು, ಮುಂಗುಸಿ, ಪುನುಗು ಬೆಕ್ಕು ಇವೆಲ್ಲ ಒಂದಕ್ಕೊಂದು ದೂರದ ದಾಯಾದಿಗಳು. ಕ್ವೋಲ್ ಆ ವಂಶಕ್ಕೇ ಸೇರಿಲ್ಲ. ಅದರ ವಂಶ ಮತ್ತೆ ನಮ್ಮ ಬೆಕ್ಕಿನ ವಂಶ ಬೇರೆ ಬೇರೆ ದಾರಿ ಹಿಡಿದು ಸುಮಾರು 15-16 ಕೋಟಿ ವರ್ಷ ಆಗಿದೆ, ಅಂದ್ರೆ ಡೈನೋಸಾರ್‌ಗಳು ಓಡಾಡ್ತಿದ್ದ ಕಾಲದಲ್ಲೇ. ಸಂಬಂಧದ ಲೆಕ್ಕದಲ್ಲಿ ನಮ್ಮನೆ ಬೆಕ್ಕಿಗೆ ಕ್ವೋಲ್‌ಗಿಂತ ಆನೆ, ತಿಮಿಂಗಿಲ, ನಾವು ನೀವು ಹತ್ರದವರು. ಹಾಗಾದ್ರೆ ಒಂದೇ ತರ ಯಾಕೆ ಕಾಣುತ್ತೆ? ಕೆಲಸ ಒಂದೇ ಅದಕ್ಕೆ. ರಾತ್ರಿ ಹೊತ್ತು ಸದ್ದಿಲ್ಲದೆ ಓಡಾಡಿ ಸಣ್ಣ ಜೀವ ಹಿಡಿದು ತಿನ್ನೋ ಪ್ರಾಣಿಗೆ ಉದ್ದ ಮೈ, ಗಿಡ್ಡ ಕಾಲು, ಚೂಪು ಹಲ್ಲು, ದೊಡ್ಡ ಕಣ್ಣು ಬೇಕು, ಯಾವ ವಂಶದಿಂದ ಬಂದ್ರೂ ಕೊನೆಗೆ ಅಚ್ಚು ಅದೇ ಆಗುತ್ತೆ. ಮೀನು ಹಿಡಿಯೋ ಬಲೆಯನ್ನ ಮಲ್ಪೆಯವರು ಹೆಣೆದ್ರೂ ಜಪಾನಿನವರು ಹೆಣೆದ್ರೂ ಕಣ್ಣು ಕಣ್ಣಾಗೇ ಇರುತ್ತಲ್ಲ, ಹಾಗೆ.

ಆಸ್ಟ್ರೇಲಿಯಾದಲ್ಲಿ ನಾಲ್ಕು ಜಾತಿ ಕ್ವೋಲ್ ಇವೆ, ಪಕ್ಕದ ನ್ಯೂಗಿನಿ ದ್ವೀಪದಲ್ಲಿ ಇನ್ನೆರಡು. ಆಸ್ಟ್ರೇಲಿಯಾದ ನಾಲ್ಕರಲ್ಲಿ ತೀರಾ ಚಿಕ್ಕದು ಈ ನಾರ್ದರ್ನ್ ಕ್ವೋಲ್. ಹೆಣ್ಣು ಹೆಚ್ಚೂಕಡಿಮೆ 300ರಿಂದ 500 ಗ್ರಾಂ, ಗಂಡು ಸ್ವಲ್ಪ ದೊಡ್ಡದು, ದಷ್ಟಪುಷ್ಟವಾದ್ದು ಒಂದು ಕೆಜಿ ಹತ್ರ ಬರುತ್ತೆ. ಮೈಮೇಲೆ ಚುಕ್ಕೆ ಇರುತ್ತೆ, ಬಾಲದ ಮೇಲೆ ಇರಲ್ಲ. ಪ್ರಸಿದ್ಧ ಟಾಸ್ಮೇನಿಯನ್ ಡೆವಿಲ್ ಕೂಡ ಇದೇ ಕುಟುಂಬದ್ದು.

ಹೊಟ್ಟೆಚೀಲದ ಪ್ರಾಣಿ ಅಂದ್ರೇನು?

ಕಾಂಗರೂ ಹೊಟ್ಟೆ ಮೇಲಿನ ಚೀಲದಿಂದ ಮರಿ ಇಣುಕೋ ಚಿತ್ರ ಎಲ್ಲರೂ ನೋಡಿದೀವಿ. ಅಂಥ ಪ್ರಾಣಿಗಳಿಗೆ ಮಾರ್ಸೂಪಿಯಲ್ ಅಂತಾರೆ, ಕ್ವೋಲ್ ಕೂಡ ಅದೇ ಗುಂಪಿನದು. ಆದ್ರೆ ಚೀಲ ಇಲ್ಲಿ ಮುಖ್ಯ ವಿಷಯ ಅಲ್ಲ, ಮರಿ ಎಷ್ಟು ಬೇಗ ಹುಟ್ಟುತ್ತೆ ಅನ್ನೋದು ಮುಖ್ಯ. ನಮ್ಮನೆ ಬೆಕ್ಕು ಒಂಬತ್ತು ವಾರ ಗಬ್ಬ ಇದ್ದು ಆಮೇಲೆ ಮರಿ ಹಾಕುತ್ತೆ. ಕ್ವೋಲ್ ಮೂರು ವಾರ ದಾಟಿದ ಕೂಡ್ಲೇ ಹಾಕಿಬಿಡುತ್ತೆ. ಹುಟ್ಟಿದ ಮರಿ ಒಂದು ಅಕ್ಕಿಕಾಳಿನಷ್ಟಿರುತ್ತೆ, ಕಣ್ಣಿಲ್ಲ, ಕಿವಿ ಇಲ್ಲ, ಹಿಂಗಾಲು ಇನ್ನೂ ಮೊಳಕೆ, ಮುಂಗಾಲು ಮಾತ್ರ ತೆವಳೋಕೆ ಸಾಕಾಗುವಷ್ಟು ಬೆಳೆದಿರುತ್ತೆ. ಆ ಮುಂಗಾಲಲ್ಲಿ ಅಮ್ಮನ ಕೂದಲು ಹಿಡ್ಕೊಂಡು ಮೊಲೆತೊಟ್ಟಿನ ತನಕ ಹೋಗಿ ಬಾಯಲ್ಲಿ ಕಚ್ಕೊಂಡ್ರೆ ಬದುಕಿತು, ಆಮೇಲೆ ವಾರಗಟ್ಟಲೆ ಬಾಯಿ ಬಿಡಲ್ಲ. ಹೊಟ್ಟೆ ಒಳಗೆ ಆಗಬೇಕಾದ ಬೆಳವಣಿಗೆಯಲ್ಲಿ ಬಹುಪಾಲು ಹೊರಗೆ ಹಾಲಿನ ಮೇಲೇ ಆಗುತ್ತೆ.

ನಾರ್ದರ್ನ್ ಕ್ವೋಲ್‌ಗೆ ಕಾಂಗರೂ ತರ ಪೂರ್ತಿ ಚೀಲಾನೂ ಇಲ್ಲ. ಮರಿ ಹಾಕೋ ಕಾಲ ಬಂದಾಗ ಹೊಟ್ಟೆ ಚರ್ಮ ಮೊಲೆತೊಟ್ಟುಗಳ ಸುತ್ತ ಮಡಚಿ ಒಂದು ಅಂಚು ಕಟ್ಟಿದ ಹಾಗಾಗುತ್ತೆ, ಸೆರಗಲ್ಲಿ ಮಡಿಲು ಮಾಡ್ಕೊಂಡು ಹೂ ತುಂಬ್ಕೋತೀವಲ್ಲ ಹಂಗೆ, ಕೆಲಸ ಮುಗಿದ ಮೇಲೆ ಮಡಿಲೂ ಇಲ್ಲ. ಸಾಮಾನ್ಯವಾಗಿ ಎಂಟು ಮೊಲೆತೊಟ್ಟು. ಹುಟ್ಟೋ ಮರಿಗಳು ಅದಕ್ಕಿಂತ ಜಾಸ್ತಿ ಇರಬಹುದು, ತೊಟ್ಟು ಸಿಗದವು ಉಳಿಯಲ್ಲ. ಕೇಳೋಕೆ ಕಷ್ಟ ಆಗುತ್ತೆ, ಆದ್ರೆ ಈ ಪ್ರಾಣಿಯ ಬದುಕಲ್ಲಿ ಮುಂದೆ ಬರೋ ಎಲ್ಲ ಲೆಕ್ಕಾನೂ ಇಷ್ಟೇ ಬಿಗಿ.

ಎರಡು ತಿಂಗಳು ಹೀಗೆ ನೇತಾಡ್ಕೊಂಡು ಬೆಳೆದ ಮೇಲೆ ಅಮ್ಮನಿಗೆ ಭಾರ ಹೊತ್ತು ಬೇಟೆ ಆಡೋಕಾಗಲ್ಲ, ಆಗ ಮರಿಗಳನ್ನ ಗೂಡಲ್ಲಿ ಬಿಟ್ಟು ರಾತ್ರಿ ಹೊರಗೆ ಹೋಗಿ ಬಂದು ಹಾಲು ಕೊಡುತ್ತೆ. ಅಪ್ಪ? ಅಪ್ಪ ಅಷ್ಟೊತ್ತಿಗೆ ಸತ್ತು ಹೋಗಿರುತ್ತೆ. ಅದಕ್ಕೆ ಸ್ವಲ್ಪ ಹೊತ್ತಲ್ಲಿ ಬರ್ತೀನಿ.

ಒಂದು ರಾತ್ರಿ ಹೇಗಿರುತ್ತೆ

ಹಗಲೆಲ್ಲ ಬಂಡೆ ಸಂದಿ, ಮರದ ಪೊಟರೆ, ಬಿದ್ದ ದಿಮ್ಮಿಯ ಟೊಳ್ಳು, ಕೆಲವು ಸಲ ಗೆದ್ದಲು ಹುತ್ತದ ಒಳಗೆ ಒಂದೊಂದೇ ಮಲಗಿರುತ್ತೆ. ಕ್ವೋಲ್‌ಗೆ ಖಾಯಂ ವಿಳಾಸ ಇಲ್ಲ, ಇವತ್ತು ಈ ಸಂದಿ, ನಾಳೆ ಇನ್ನೊಂದು. ಕತ್ತಲಾದ ಮೇಲೆ ಹೊರಗೆ ಬಂದು ಮೂಗು ನೆಲಕ್ಕಿಟ್ಟು ಓಡೋಕೆ ಶುರು ಮಾಡುತ್ತೆ. ಪಾದದ ಅಡಿಯಲ್ಲಿ ಗೀರು ಗೀರಾದ ಉಬ್ಬು ಇರುತ್ತೆ, ಹೊಸ ಚಪ್ಪಲಿಯ ಅಟ್ಟೆ ಇದ್ಯಲ್ಲ ಹಾಗೆ, ನುಣ್ಣನೆ ಬಂಡೆ ಮೇಲೆ ಜಾರಲ್ಲ. ಹಿಂಗಾಲಲ್ಲಿ ಹೆಬ್ಬೆರಳು ಬೇರೆ ಇದೆ, ಹಾಗಾಗಿ ಮರ ಹತ್ತೋದ್ರಲ್ಲೂ ಗಟ್ಟಿ.

ತಿನ್ನೋದು ಏನು ಅಂದ್ರೆ, ಸಿಕ್ಕಿದ್ದು. ಜೀರುಂಡೆ, ಮಿಡತೆ, ಜರಿ, ಕಪ್ಪೆ, ಹಲ್ಲಿ, ಸಣ್ಣ ಹಾವು, ಇಲಿ, ಹಕ್ಕಿ, ಹಕ್ಕಿ ಮೊಟ್ಟೆ, ಜೊತೆಗೆ ಕಾಡು ಅತ್ತಿ ತರದ ಹಣ್ಣು, ಹೂವಿನ ಮಕರಂದ ಕೂಡ. ಮಾಂಸಾಹಾರಿ ಅಂತ ಪುಸ್ತಕದಲ್ಲಿ ಬರೆದಿದ್ರೂ ಹಣ್ಣು ಸಿಕ್ರೆ ಬಿಡಲ್ಲ. ಮೈ ಚಿಕ್ಕದು, ಧೈರ್ಯ ದೊಡ್ಡದು: ತನ್ನ ತೂಕದ ಹತ್ತಿರ ಇರೋ ಪ್ರಾಣಿ ಮೇಲೂ ಎರಗುತ್ತೆ, ತಲೆ ಅಥವಾ ಕತ್ತಿನ ಹಿಂದೆ ಕಚ್ಚಿ ಮುಗಿಸುತ್ತೆ. ಕೋಳಿ ಗೂಡಿಗೆ ನುಗ್ಗಿದ್ರೆ ತಿನ್ನೋದು ಒಂದನ್ನಾದ್ರೂ ನಾಲ್ಕು ಸಾಯ್ಸಿ ಹೋಗೋದೂ ಉಂಟು, ಯಾಕಂದ್ರೆ ಓಡಿಹೋಗೋಕೆ ದಾರಿ ಇಲ್ಲದೆ ಅಲ್ಲೇ ಬಡ್ಕೊಳ್ಳೋ ಬೇಟೆ ಕಾಡಲ್ಲಿ ಸಿಗಲ್ಲ, ಅದರ ಬೇಟೆ ಬುದ್ಧಿಗೆ ನಿಲ್ಲಿಸು ಅನ್ನೋ ಸೂಚನೆ ಸಿಗೋದೇ ಇಲ್ಲ. ಮಲೆನಾಡಲ್ಲಿ ಕೋಳಿಗೂಡಿಗೆ ಕಾಡುಬೆಕ್ಕು ನುಗ್ಗಿದ ಬೆಳಗ್ಗೆ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಗಂಡುಗಳು ಯಾಕೆ ವರ್ಷಕ್ಕೇ ಸಾಯ್ತಾವೆ?

ನಮ್ಮ ಗ್ರೂಪಲ್ಲಿ ಯಾರೂ ನಂಬದೇ ಇದ್ದಿದ್ದು ಇದನ್ನೇ.

ಕ್ವೋಲ್ ಮರಿ ಹುಟ್ಟಿ ಸುಮಾರು ಹನ್ನೊಂದು ತಿಂಗಳಿಗೆ ಪ್ರಾಯಕ್ಕೆ ಬರುತ್ತೆ. ಅಲ್ಲಿನ ಒಣ ಕಾಲದಲ್ಲಿ, ಅಂದ್ರೆ ಮೇ ಕೊನೆಯಿಂದ ಆಗಸ್ಟ್ ಒಳಗೆ, ಜಾಗಕ್ಕೆ ತಕ್ಕ ಹಾಗೆ ಕೆಲವೇ ವಾರ ಕೂಡೋ ಕಾಲ. ಆ ವಾರಗಳು ಮುಗಿದ ಮೇಲೆ ಗಂಡುಗಳು ಒಂದೊಂದೇ ಸಾಯೋಕೆ ಶುರು. ಉತ್ತರ ಆಸ್ಟ್ರೇಲಿಯಾದ ಕಾಕಡು ನ್ಯಾಷನಲ್ ಪಾರ್ಕ್‌ನಲ್ಲಿ 1990ರ ದಶಕದಲ್ಲಿ ಮೆರಿ ಓಕ್‌ವುಡ್ ಅನ್ನೋ ವಿಜ್ಞಾನಿ ಕಾಡಲ್ಲಿ ಕೂತು ಇದನ್ನ ಹಿಂಬಾಲಿಸಿದ್ರು. ಕೂಡೋ ಕಾಲ ಆದ್ಮೇಲೆ ಗಂಡುಗಳ ತೂಕ ಇಳಿಯುತ್ತೆ, ಕೂದಲು ಉದುರುತ್ತೆ, ಮೈಮೇಲೆ ಹೇನು ಉಣ್ಣೆ ಹೆಚ್ಚಾಗುತ್ತೆ, ರಕ್ತಹೀನತೆ ಬರುತ್ತೆ, ಕೊನೆಗೆ ಸಾಯ್ತಾವೆ. ಹೆಣ್ಣುಗಳು ಹಾಗಲ್ಲ, ಎರಡನೇ ವರ್ಷ, ಕೆಲವು ಮೂರನೇ ವರ್ಷಾನೂ ಮರಿ ಹಾಕ್ತಾವೆ. ಗಂಡುಗಳು ಹೀಗೆ ಒಂದೇ ಸಲ ಸಂತಾನ ಮಾಡಿ ಸಾಯೋ ಸಸ್ತನಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಾರ್ದರ್ನ್ ಕ್ವೋಲ್.

ಇದು ನಮಗೆ ಪೂರ್ತಿ ಹೊಸದೇನಲ್ಲ, ಗಿಡದಲ್ಲಿ ದಿನಾ ನೋಡ್ತೀವಿ. ಬಾಳೆ ಗೊನೆ ಹಾಕಿದ ಮೇಲೆ ಆ ದಿಂಡಿನ ಕತೆ ಮುಗೀತು. ಬಿದಿರು ಎಷ್ಟೋ ವರ್ಷ ಸುಮ್ನೆ ಬೆಳೆದು ಒಂದು ಸಲ ಹೂ ಬಿಟ್ಟು ಅಕ್ಕಿ ಉದುರಿಸಿ ಮೆಳೆಗೆ ಮೆಳೆಯೇ ಒಣಗುತ್ತೆ. ಕ್ವೋಲ್ ಗಂಡು ಮಾಡೋದೂ ಅದೇ, ಬಿಸಿ ರಕ್ತದ, ಓಡಾಡೋ, ಅಮ್ಮನ ಹಾಲು ಕುಡಿದು ಬೆಳೆದ ಪ್ರಾಣಿ ಮಾಡುತ್ತಲ್ಲ ಅನ್ನೋದೇ ಮೈ ಜುಂ ಅನ್ಸೋದು.

ಹೇಗೆ ಸಾಯುತ್ತೆ ಅನ್ನೋದಕ್ಕೆ 2023ರಲ್ಲಿ ಒಂದು ಒಳ್ಳೆ ಸುಳಿವು ಸಿಕ್ತು. ಉತ್ತರ ಆಸ್ಟ್ರೇಲಿಯಾದ ತೀರದಾಚೆ ಗ್ರೂಟ್ ಐಲಂಡ್ ಅಂತ ದೊಡ್ಡ ದ್ವೀಪ ಇದೆ, ಅಲ್ಲಿ ವಿಜ್ಞಾನಿಗಳು ಕ್ವೋಲ್‌ಗಳ ಬೆನ್ನಿಗೆ ಪುಟ್ಟ ಬ್ಯಾಗ್ ಕಟ್ಟಿದ್ರು, ನಮ್ಮ ಕೈಗೆ ಕಟ್ಟೋ ಫಿಟ್ನೆಸ್ ಬ್ಯಾಂಡ್ ಇರುತ್ತಲ್ಲ ಹೆಜ್ಜೆ ಎಣಿಸೋದು, ಒಳಗೆ ಅಂಥದ್ದೇ ಸೆನ್ಸರ್. ಕೂಡೋ ಕಾಲದಲ್ಲಿ ಹೆಣ್ಣುಗಳು ತಮ್ಮ ಸಮಯದಲ್ಲಿ ಸುಮಾರು ನೂರಕ್ಕೆ 24 ಭಾಗ ವಿಶ್ರಾಂತಿ ತಗೊಂಡ್ರೆ ಗಂಡುಗಳು ತಗೊಂಡಿದ್ದು ನೂರಕ್ಕೆ 8 ಭಾಗ ಮಾತ್ರ. ಒಂದು ಗಂಡು ಒಂದೇ ರಾತ್ರಿಲಿ 10.4 ಕಿಲೋಮೀಟರ್ ನಡೆದಿತ್ತು. ಅದರ ಹೆಜ್ಜೆ ಉದ್ದವನ್ನ ನಮ್ಮ ಹೆಜ್ಜೆಗೆ ಹೋಲಿಸಿದ್ರೆ ಅದು 35-40 ಕಿಲೋಮೀಟರ್ ಆಗುತ್ತೆ. ಮೆಜೆಸ್ಟಿಕ್‌ನಿಂದ ಹೊರಟು ರಾತ್ರಿಯೆಲ್ಲ ನಡ್ಕೊಂಡು ಬಿಡದಿ ಮುಟ್ಟಿದ ಹಾಗೆ, ಅದೂ ಊಟ ನಿದ್ದೆ ಸರಿಯಾಗಿ ಇಲ್ಲದೆ, ವಾರಗಟ್ಟಲೆ. ನಿದ್ದೆಗೆಟ್ಟ ಪ್ರಾಣಿಗೆ ಎಚ್ಚರ ತಪ್ಪುತ್ತೆ, ಬೇಟೆ ತಪ್ಪುತ್ತೆ, ನಾಯಿಗೋ ಗೂಬೆಗೋ ಸುಲಭವಾಗಿ ಸಿಗುತ್ತೆ. ಸಾವಿಗೆ ಇದೊಂದೇ ಕಾರಣ ಅಂತ ಅವರು ಹೇಳಿಲ್ಲ, ನಿದ್ದೆ ಇಲ್ಲದಿರೋದು ದೊಡ್ಡ ಪಾತ್ರ ವಹಿಸ್ತಿರಬಹುದು ಅಂದಿದಾರೆ.

ಸರಿ, ಹೇಗೆ ಅನ್ನೋದು ಆಯ್ತು. ಯಾಕೆ? ಪ್ರಕೃತಿ ಇಂಥ ಏರ್ಪಾಡನ್ನ ಯಾಕೆ ಉಳಿಸ್ಕೊಂಡು ಬಂತು?

ಹೆಣ್ಣು ಕ್ವೋಲ್‌ಗಳೆಲ್ಲ ಒಂದೇ ಹೊತ್ತಿಗೆ ಬೆದೆಗೆ ಬರ್ತಾವೆ, ಮರಿಗಳು ಹಾಲು ಬಿಡೋ ಹೊತ್ತಿಗೆ ಮಳೆಗಾಲದ ಹುಳ ಹುಪ್ಪಟೆ ಚೆನ್ನಾಗಿ ಸಿಗೋ ಹಾಗೆ ಲೆಕ್ಕ ಕೂಡಿರುತ್ತೆ. ಒಂದೊಂದು ಹೆಣ್ಣು ಹಲವಾರು ಗಂಡುಗಳ ಜೊತೆ ಕೂಡುತ್ತೆ, ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪ. ಈಗ ಗಂಡಿನ ಜಾಗದಲ್ಲಿ ನಿಂತು ಯೋಚ್ನೆ ಮಾಡಿ. ವರ್ಷಕ್ಕೊಂದೇ ಜಾತ್ರೆ, ಮುಂದಿನ ಜಾತ್ರೆ ತನಕ ಬದುಕಿರೋ ಗ್ಯಾರಂಟಿ ಇಲ್ಲ, ಸುತ್ತ ನೂರು ಅಂಗಡಿ. ಅಂಥಾ ವ್ಯಾಪಾರಿ ಸರಕು ಉಳಿಸಿ ಮನೆಗೆ ತಗೊಂಡು ಹೋಗಿ ಏನ್ ಮಾಡ್ತಾನೆ? ಇದ್ದಿದ್ದೆಲ್ಲ ಹಾಕಿ ಮಾರ್ತಾನೆ, ಕೊನೆಗೆ ಗೂಟ ತಾಟು ಕೂಡ. ಮುಂದಿನ ವರ್ಷಕ್ಕೆ ಅಂತ ಶಕ್ತಿ ಉಳಿಸ್ಕೊಂಡ ಗಂಡಿನ ಮರಿಗಳು ಕಮ್ಮಿ ಆದ್ವು, ಎಲ್ಲ ಸುರಿದು ಓಡಿದ ಗಂಡಿನ ಮರಿಗಳು ಜಾಸ್ತಿ ಆದ್ವು, ಸಾವಿರಾರು ತಲೆಮಾರು ಹೀಗೇ ನಡೆದು ಗಂಡು ಕ್ವೋಲ್‌ಗೆ ಅದೇ ಸ್ವಭಾವ ಆಗಿಹೋಯ್ತು. ಆಂಟೆಕೈನಸ್ ಅಂತ ಇಲಿಯಷ್ಟೇ ಇರೋ ಇನ್ನೊಂದು ಮಾರ್ಸೂಪಿಯಲ್ ಗುಂಪಿದೆ ಆಸ್ಟ್ರೇಲಿಯಾದಲ್ಲಿ, ಅದರ ಗಂಡುಗಳ ಕತೆನೂ ಇದೇ.

ಇಲ್ಲಿ ಒಂದು ಮಾತು ನೆನಪಿಟ್ಕೊಳ್ಳಿ, ಮುಂದಕ್ಕೆ ಬೇಕಾಗುತ್ತೆ. ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಒಂದು ಗುಡ್ಡದಲ್ಲಿ ಹೆಚ್ಚೂಕಡಿಮೆ ಒಂದೂ ದೊಡ್ಡ ಗಂಡು ಉಳಿದಿರಲ್ಲ. ಮುಂದಿನ ವರ್ಷದ ಗಂಡುಗಳೆಲ್ಲ ಆಗ ಅಮ್ಮಂದಿರ ಹೊಟ್ಟೆಗೆ ಅಂಟ್ಕೊಂಡಿರ್ತಾವೆ. ಕಣಜದಲ್ಲಿ ಹಳೇ ಬಿತ್ತನೆ ಬೀಜ ಇಲ್ಲ, ಇರೋದೆಲ್ಲ ಗದ್ದೆಲಿರೋ ಪೈರು. ಆ ಪೈರು ಒಂದು ವರ್ಷ ಕೈಕೊಟ್ರೆ ಮುಗೀತು.

ಕಬ್ಬು, ಗೊಣ್ಣೆಹುಳು, ಮತ್ತೆ ಒಂದು ಕಪ್ಪೆ

ಮಂಡ್ಯ ಕಡೆಯವರಿಗೆ ಗೊಣ್ಣೆಹುಳು ಅಂದ್ರೆ ವಿವರಿಸಬೇಕಾಗಿಲ್ಲ. ಮಣ್ಣೊಳಗೆ ಕೂತು ಕಬ್ಬಿನ ಬೇರು ತಿಂದು ಜಲ್ಲೆ ಒಣಗಿಸೋ ಬಿಳಿ ಹುಳ, ಜೀರುಂಡೆಯ ಮರಿ. ಕ್ವೀನ್ಸ್‌ಲ್ಯಾಂಡ್ ಕಬ್ಬು ಬೆಳೆಗಾರರಿಗೂ ಇದೇ ಕಾಟ ಇತ್ತು. ಇದಕ್ಕೆ ಪರಿಹಾರ ಅಂತ 1935ರಲ್ಲಿ ಹವಾಯಿಯಿಂದ ಸುಮಾರು 100 ಕೇನ್ ಟೋಡ್ ತರಿಸಿ, ಗಾರ್ಡನ್‌ವೇಲ್ ಅನ್ನೋ ಊರಲ್ಲಿ ಮರಿ ಮಾಡಿಸಿ ಗದ್ದೆಗೆ ಬಿಟ್ರು. ಟೋಡ್ ಅಂದ್ರೆ ನಮ್ಮಲ್ಲಿ ಬಚ್ಚಲ ಮೂಲೇಲಿ, ತುಳಸಿಕಟ್ಟೆ ಬುಡದಲ್ಲಿ ಕೂತಿರುತ್ತಲ್ಲ ಒರಟು ಮೈಯಿನ ನೆಲಗಪ್ಪೆ, ಆ ಜಾತಿ. ಕೇನ್ ಟೋಡ್ ಅದರ ದೈತ್ಯ ನೆಂಟ, ಮೂಲ ಊರು ಮಧ್ಯ ಮತ್ತೆ ದಕ್ಷಿಣ ಅಮೆರಿಕ.

ಹುಳದ ಲೆಕ್ಕ ತಲೆಕೆಳಗಾಯ್ತು. ಗೊಣ್ಣೆಹುಳು ಮಣ್ಣೊಳಗೆ, ಜೀರುಂಡೆ ಗಿಡದ ಮೇಲೆ, ಕಪ್ಪೆ ನೆಲದ ಮೇಲೆ, ಮೂರೂ ಒಬ್ಬರನ್ನೊಬ್ಬರು ಭೇಟಿ ಆಗೋದೇ ಅಪರೂಪ. ಕಬ್ಬಿಗೆ ಏನೂ ಉಪಯೋಗ ಆಗಲಿಲ್ಲ, ಕಪ್ಪೆ ಮಾತ್ರ ಹಬ್ಬಿತು. ಒಂದು ಹೆಣ್ಣು ಒಂದು ಸಲಕ್ಕೆ ಸಾವಿರಾರು ಮೊಟ್ಟೆ ಇಡುತ್ತೆ. ವರ್ಷದಿಂದ ವರ್ಷಕ್ಕೆ ಪಶ್ಚಿಮಕ್ಕೆ ಸರೀತಾ 2001ಕ್ಕೆ ಕಾಕಡು ಮುಟ್ಟಿತು, ಆಮೇಲೆ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಗಡಿ ದಾಟಿತು.

ಕಪ್ಪೆ ಹೋದಲ್ಲೆಲ್ಲ ಕ್ವೋಲ್ ಕಾಣೆ ಆಗ್ತಾ ಬಂತು. ಕಾಕಡುವಿನಲ್ಲಿ ರಾತ್ರಿ ಟಾರ್ಚ್ ಹಾಕಿದ್ರೆ ಕಾಣ್ತಿದ್ದ ಜಾಗಗಳಲ್ಲಿ ಕಪ್ಪೆ ಬಂದ ಒಂದೆರಡು ವರ್ಷದಲ್ಲೇ ಒಂದೂ ಇಲ್ಲ. 2005ರಲ್ಲಿ ಆಸ್ಟ್ರೇಲಿಯಾ ಸರ್ಕಾರ ನಾರ್ದರ್ನ್ ಕ್ವೋಲ್‌ನ ಅಪಾಯದಲ್ಲಿರೋ ಜೀವಿಗಳ ಪಟ್ಟಿಗೆ ಸೇರಿಸ್ತು. ಕಪ್ಪೆ ಒಂದೇ ಕಾರಣ ಅಲ್ಲ, ಪದೇ ಪದೇ ಬೀಳೋ ಕಾಡ್ಗಿಚ್ಚು ಅಡಗೋ ಪೊದೆ ಹುಲ್ಲು ಸುಡುತ್ತೆ, ಬಯಲಾದ ಜಾಗದಲ್ಲಿ ಸಾಕಿ ಬಿಟ್ಟು ಕಾಡಾದ ಬೆಕ್ಕುಗಳು ಹಿಡೀತಾವೆ. ಆದ್ರೂ ಅಷ್ಟು ಬೇಗ ಗುಡ್ಡಕ್ಕೆ ಗುಡ್ಡವೇ ಖಾಲಿ ಮಾಡಿದ್ದು ಕಪ್ಪೆ.

ವಿಷ ಏನ್ ಮಾಡುತ್ತೆ, ನಮ್ಮ ಕಡೆ ಯಾಕೆ ಹೀಗಾಗಲ್ಲ?

ಕೇನ್ ಟೋಡ್‌ನ ಕಣ್ಣಿನ ಹಿಂದೆ ಭುಜದ ಮೇಲೆ ಎರಡು ಉಬ್ಬು ಇರುತ್ತೆ. ಕಚ್ಚಿದ ಕೂಡ್ಲೇ ಅದರಿಂದ ಹಾಲಿನ ತರ ವಿಷ ಒಸರುತ್ತೆ. ಕಣಗಿಲೆ ಕಾಯಿ ತಿಂದವರ ಹೃದಯ ನಿಲ್ಲುತ್ತೆ ಅಂತ ಕೇಳಿರ್ತೀರ, ಕಪ್ಪೆಯ ವಿಷ ಕೆಲಸ ಮಾಡೋ ರೀತಿನೂ ಹೆಚ್ಚೂಕಡಿಮೆ ಅದೇ. ಹೃದಯದ ಒಂದೊಂದು ಜೀವಕೋಶದ ಗೋಡೆಯಲ್ಲೂ ಸೋಡಿಯಂ ಹೊರಗೆ ಹಾಕಿ ಪೊಟ್ಯಾಸಿಯಂ ಒಳಗೆ ಎಳ್ಕೊಳ್ಳೋ ಸಣ್ಣ ಪಂಪ್ ಇರುತ್ತೆ. ವಿಷ ಹೋಗಿ ಆ ಪಂಪ್‌ಗೆ ಸಿಕ್ಕಾಕೊಂಡು ಜಾಮ್ ಮಾಡುತ್ತೆ, ಹೃದಯದ ಬಡಿತದ ತಾಳ ತಪ್ಪುತ್ತೆ, ನಿಲ್ಲುತ್ತೆ. ದೊಡ್ಡ ಕಪ್ಪೆಗೆ ಬಾಯಿ ಹಾಕಿದ ಕ್ವೋಲ್ ಬದುಕೋದು ಕಷ್ಟ.

ನಮ್ಮೂರಲ್ಲೂ ವಿಷದ ನೆಲಗಪ್ಪೆ ಇದೆ, ಅದನ್ನ ತಿನ್ನೋ ಪ್ರಾಣಿಗಳೂ ಇವೆ, ಮತ್ತೆ ನಮ್ಮಲ್ಲಿ ಯಾಕೆ ಹೀಗಾಗಲ್ಲ? ಅಭ್ಯಾಸ, ಅದೂ ಲಕ್ಷಾಂತರ ವರ್ಷದ್ದು. ಏಷ್ಯಾ ಆಫ್ರಿಕಾದಲ್ಲಿ ನೆಲಗಪ್ಪೆಗಳ ಜೊತೆ ಬದುಕ್ತಾ ಬಂದ ಉಡಗಳ ದೇಹದಲ್ಲಿ ಆ ಪಂಪ್‌ನ ಆಕಾರವೇ ಸ್ವಲ್ಪ ಬದಲಾಗಿದೆ, ವಿಷಕ್ಕೆ ಹಿಡ್ಕೊಳ್ಳೋಕೆ ಜಾಗ ಸಿಗಲ್ಲ, ಬೀಗದ ತೂತು ಬದಲಾಯಿಸಿದ್ರೆ ಹಳೇ ಕೀ ಹೋಗಲ್ಲ ನೋಡಿ ಹಾಗೆ. ಆಸ್ಟ್ರೇಲಿಯಾದಲ್ಲಿ 1935ಕ್ಕೆ ಮುಂಚೆ ನೆಲಗಪ್ಪೆ ಜಾತಿಯ ಒಂದೇ ಒಂದು ಪ್ರಾಣಿ ಇರಲಿಲ್ಲ. ಅಲ್ಲಿನ ಉಡಗಳಲ್ಲೂ ಆ ಬದಲಾವಣೆ ಇಲ್ಲ, ಅವೂ ಸಾಯ್ತಾವೆ. ಕ್ವೋಲ್‌ಗಂತೂ ಕಪ್ಪೆ ಅಂದ್ರೆ ಅಜ್ಜಿ ಕಾಲದಿಂದ ಒಳ್ಳೆ ಊಟ, ಯಾಕೆ ಅನುಮಾನ ಪಡಬೇಕು?

ಕಪ್ಪೆ ಮುಟ್ಟಬೇಡ ಅಂತ ಪ್ರಾಣಿಗೆ ಕಲಿಸೋದು ಹೇಗೆ?

ಒಮ್ಮೆ ಮದುವೆ ಮನೇಲಿ ಯಾವುದೋ ಸ್ವೀಟ್ ತಿಂದು ರಾತ್ರಿಯೆಲ್ಲ ವಾಂತಿ ಆಗಿದ್ರೆ ಆಮೇಲೆ ಹತ್ತು ವರ್ಷ ಅದರ ವಾಸನೆ ಬಂದ್ರೂ ಹೊಟ್ಟೆ ತೊಳಸುತ್ತೆ. ಪ್ರಾಣಿಗಳಿಗೂ ಹಾಗೇ. ಈ ಸ್ವಭಾವಾನೇ ವಿಜ್ಞಾನಿಗಳು ಬಳಸ್ಕೊಂಡ್ರು. ಸಾಯ್ಸೋ ಅಷ್ಟು ವಿಷ ಇಲ್ಲದ ಪುಟ್ಟ ಸತ್ತ ಕೇನ್ ಟೋಡ್‌ಗೆ, ಹೊಟ್ಟೆ ತೊಳಸೋ ಹಾಗೆ ಮಾಡೋ ಔಷಧಿ ಸೇರಿಸಿ ಕ್ವೋಲ್‌ಗೆ ಕೊಟ್ರು. ಔಷಧಿ ಹೆಸರು ಥಯಾಬೆಂಡಜೋಲ್, ಜಂತುಹುಳಕ್ಕೆ ಕೊಡೋ ಮಾತ್ರೆ ಜಾತಿಯದು. ಕ್ವೋಲ್ ತಿಂತು, ಸಂಕಟ ಪಡ್ತು, ಸಾಯಲಿಲ್ಲ. ಆಮೇಲೆ ಜೀವಂತ ಕಪ್ಪೆ ಎದುರಿಗೆ ಬಂದಾಗ ಮೂಸಿ ಬಿಟ್ಟುಹೋಯ್ತು. 2010ರಲ್ಲಿ ಇದು ಪ್ರಕಟ ಆಯ್ತು: ಹೀಗೆ ಪಾಠ ಕಲಿತ ಕ್ವೋಲ್‌ಗಳು ಕಾಡಿಗೆ ಬಿಟ್ಟಾಗ ಪಾಠ ಆಗದೇ ಇರೋವುಕ್ಕಿಂತ ಜಾಸ್ತಿ ದಿನ ಬದುಕಿದ್ವು. ಆಮೇಲೆ ಕಪ್ಪೆ ಮಾಂಸದ ಸಾಸೇಜ್ ಮಾಡಿ, ಕಪ್ಪೆಗಳು ಇನ್ನೂ ಬಾರದ ಕಡೆ ಮುಂಚೆನೇ ಚೆಲ್ಲಿ ಕಲಿಸೋ ಪ್ರಯತ್ನಗಳೂ ನಡೆದ್ವು.

ಈ ಪಾಠಕ್ಕೂ ಆ ಒಂದು ವರ್ಷದ ಆಯಸ್ಸು ಅಡ್ಡ ಬರುತ್ತೆ. ಕಲಿತ ಗಂಡು ಹೇಗೂ ಆ ವರ್ಷವೇ ಸಾಯುತ್ತೆ. ಮುಂದಿನ ವರ್ಷದ ಮರಿಗಳು ಏನೂ ಗೊತ್ತಿಲ್ಲದೆ ಹೊರಗೆ ಬರ್ತಾವೆ. ಆನೆ ಹಿಂಡಲ್ಲಿ ಅಜ್ಜಿ ಇರ್ತಾಳೆ ದಾರಿ ತೋರ್ಸೋಕೆ, ಕ್ವೋಲ್ ಗುಡ್ಡದಲ್ಲಿ ಹಿರಿಯರೇ ಕಮ್ಮಿ. ಹಾಗಾಗಿ ಪ್ರತಿ ತಲೆಮಾರಿಗೂ ಶಾಲೆ ಮೊದಲಿಂದ.

ದ್ವೀಪಕ್ಕೆ ಸಾಗಿಸಿದ 64 ಕ್ವೋಲ್

ಕಪ್ಪೆ ಬರ್ತಿದೆ ಅಂತ ಗೊತ್ತಾದಾಗಲೇ ಇನ್ನೊಂದು ಕೆಲಸ ಮಾಡಿದ್ರು. 2003ರಲ್ಲಿ 64 ಕ್ವೋಲ್‌ಗಳನ್ನ ಹಿಡಿದು ಉತ್ತರ ಆಸ್ಟ್ರೇಲಿಯಾದ ಆರ್ನ್‌ಹೆಮ್ ಲ್ಯಾಂಡ್ ತೀರದಾಚೆ ಆಸ್ಟೆಲ್, ಪೊಬಾಸೂ ಅನ್ನೋ ಎರಡು ದ್ವೀಪಕ್ಕೆ ಬಿಟ್ರು. ಅಲ್ಲಿ ಕಪ್ಪೆ ಇಲ್ಲ, ಡಿಂಗೋ ಅನ್ನೋ ಕಾಡುನಾಯಿ ಇಲ್ಲ, ಬೆಕ್ಕಿಲ್ಲ. ಕೆಲವೇ ವರ್ಷದಲ್ಲಿ 64 ಇದ್ದಿದ್ದು ಸಾವಿರಾರು ಆಯ್ತು.

2016ರಲ್ಲಿ ಅವುಗಳಲ್ಲಿ ಕೆಲವನ್ನ ಕಪ್ಪೆ ಪಾಠ ಕಲಿಸಿ ವಾಪಸ್ ಕಾಕಡುಗೆ ತಂದು ಬಿಟ್ರು. ಪಾಠ ಕೆಲಸ ಮಾಡ್ತು, ಕಪ್ಪೆ ಮುಟ್ಟಲಿಲ್ಲ. ಆದ್ರೆ ಡಿಂಗೋಗಳು ಹಿಡಿದು ಮುಗಿಸಿದ್ವು. ಆಮೇಲೆ ಪರೀಕ್ಷೆ ಮಾಡಿ ನೋಡಿದ್ರೆ, ಈ ದ್ವೀಪದ ಕ್ವೋಲ್‌ಗಳಿಗೆ ಬೆಕ್ಕು ಡಿಂಗೋ ವಾಸನೆ ಬಂದ್ರೂ ಹೆದರಿಕೆ ಇಲ್ಲ. 13 ತಲೆಮಾರಿನ ನೆಮ್ಮದಿಯಲ್ಲಿ ಹೆದರೋದನ್ನೇ ಮರೆತಿದ್ವು. ಮನುಷ್ಯರಿಗೆ 13 ತಲೆಮಾರು ಅಂದ್ರೆ ಮುನ್ನೂರು ವರ್ಷ ದಾಟುತ್ತೆ, ಕ್ವೋಲ್‌ಗೆ ಬರೀ 13 ವರ್ಷ. ಬೇಗ ಬೇಗ ತಲೆಮಾರು ಬದಲಾಗೋ ಪ್ರಾಣಿ ಬೇಗ ಕಲಿಯುತ್ತೆ, ಅಷ್ಟೇ ಬೇಗ ಕಳ್ಕೊಳ್ಳುತ್ತೆ. ಈ ಭಾಗ ಓದಿದ ರಾತ್ರಿ ನಂಗೆ ನಿಜವಾಗ್ಲೂ ಬೇಜಾರಾಯ್ತು.

ಹಾಗಾದ್ರೆ ಮರೀಬಾದಲ್ಲಿ ಹೇಗೆ ಬದುಕಿದೆ?

ಅಕ್ಕನ ಮಗಳು ಇದನ್ನೆಲ್ಲ ಓದಿ ಕೇಳಿದ ಪ್ರಶ್ನೆ ಇದು. ಅವಳಿರೋ ಮರೀಬಾ ಗುಡ್ಡದ ಮೇಲಿನ ಊರು. ಘಾಟಿ ಇಳಿದು ಕೇರ್ನ್ಸ್ ದಾಟಿ ಸ್ವಲ್ಪ ದೂರ ಹೋದ್ರೆ ಸಿಗೋದೇ ಗಾರ್ಡನ್‌ವೇಲ್, 1935ರಲ್ಲಿ ಕಪ್ಪೆ ಬಿಟ್ಟ ಆ ಊರು. ಅಂದ್ರೆ ಇಡೀ ಆಸ್ಟ್ರೇಲಿಯಾದಲ್ಲಿ ಕೇನ್ ಟೋಡ್ ಜೊತೆ ಎಲ್ಲರಿಗಿಂತ ಮೊದಲು ಮುಖಾಮುಖಿ ಆದ ಕ್ವೋಲ್‌ಗಳ ಪೈಕಿ ಅಲ್ಲಿನವು. ಕ್ವೀನ್ಸ್‌ಲ್ಯಾಂಡ್‌ನಲ್ಲೂ ಎಷ್ಟೋ ಕಡೆ ಕ್ವೋಲ್ ಹೋಯ್ತು, ಆದ್ರೆ ಕೆಲವು ಕಲ್ಲುಗುಡ್ಡಗಳಲ್ಲಿ ಉಳೀತು.

ಉಳಿದಿದ್ದು ಹೇಗೆ ಅಂತ ವಿಜ್ಞಾನಿಗಳು ಹುಡುಕಿದಾಗ ಸಿಕ್ಕ ಉತ್ತರ ಚೆನ್ನಾಗಿದೆ. ಅವುಗಳ ಮೈಗೆ ವಿಷ ತಡೆಯೋ ಶಕ್ತಿ ಬಂದಿರಲಿಲ್ಲ. ಸುಮ್ನೆ ಕಪ್ಪೆ ಮೇಲೆ ಆಸೆ ಇಲ್ಲ. ಯಾರೂ ಕಲಿಸದಿದ್ರೂ, ಜೀವನದಲ್ಲಿ ಕಪ್ಪೆ ನೋಡಿರದ ಮರಿನೂ ಅದನ್ನ ಮುಟ್ಟಲ್ಲ. ಯಾವ ಕಾಲಕ್ಕೋ ನೂರರಲ್ಲಿ ಒಂದೆರಡು ಕ್ವೋಲ್‌ಗೆ ಹುಟ್ಟಿನಿಂದಲೇ ಕಪ್ಪೆ ಇಷ್ಟ ಇರಲಿಲ್ಲ ಅನ್ಕೊಳ್ಳಿ, ಕಪ್ಪೆ ಬಂದ ವರ್ಷ ಮಿಕ್ಕವೆಲ್ಲ ತಿಂದು ಸತ್ತಾಗ ಇವು ಉಳಿದ್ವು, ಇವುಗಳ ಮರಿಗಳು ಗುಡ್ಡ ತುಂಬಿದ್ವು. ಇದು ರಕ್ತದಲ್ಲೇ ಬರೋ ಗುಣ ಅನ್ನೋದಕ್ಕೆ ಪುರಾವೆನೂ ಇದೆ: ಕ್ವೀನ್ಸ್‌ಲ್ಯಾಂಡ್ ಕ್ವೋಲ್ ಮತ್ತೆ ಕಪ್ಪೆ ಗೊತ್ತಿಲ್ಲದ ಕಡೆಯ ಕ್ವೋಲ್ ಎರಡನ್ನೂ ಕೂಡಿಸಿ ಮರಿ ಮಾಡಿಸಿದಾಗ ಆ ಬೆರಕೆ ಮರಿಗಳೂ ಕಪ್ಪೆ ಬಿಟ್ಟು ದೂರ ಹೋದ್ವು. ಹಾಗಾಗಿ ಪಾಠ ಕಲಿಸೋ ಬದಲು, ಕಪ್ಪೆ ಇನ್ನೂ ಮುಟ್ಟದ ಕಡೆಗೆ ಮುಂಚೆನೇ ಇಂಥ ಕ್ವೀನ್ಸ್‌ಲ್ಯಾಂಡ್ ರಕ್ತ ಬೆರೆಸಬಹುದಾ ಅನ್ನೋ ಯೋಚ್ನೆ ಹುಟ್ಟಿದೆ. ಪಶ್ಚಿಮದ ಪಿಲ್ಬರಾ ಪ್ರದೇಶದಲ್ಲಿ ಕ್ವೋಲ್ ಇದೆ, ಕಪ್ಪೆ ಇನ್ನೂ ಹೋಗಿಲ್ಲ. ಅಲ್ಲಿಗೆ ಹೋಗೋ ದಾರಿ ಸಮುದ್ರ ಮತ್ತೆ ಮರುಭೂಮಿ ನಡುವಿನ ಒಂದು ಒಣ ಪಟ್ಟಿ, ದನಗಳಿಗೆ ಅಂತ ಇಟ್ಟ ನೀರಿನ ತೊಟ್ಟಿಗಳನ್ನ ಕಪ್ಪೆಗೆ ಸಿಗದ ಹಾಗೆ ಮಾಡಿದ್ರೆ ಅಲ್ಲೇ ತಡೀಬಹುದು ಅಂತ ಯೋಜನೆನೂ ನಡೀತಿದೆ.

ಇನ್ನು ಆ ಕೋಳಿ ಗೂಡು. ಕ್ವೋಲ್ ರಕ್ಷಿತ ಪ್ರಾಣಿ, ಹಿಡಿದು ಸಾಯ್ಸೋ ಹಾಗಿಲ್ಲ, ಓನರ್‌ಗೂ ಅದು ಬೇಕಿರಲಿಲ್ಲ. ಹಳೇ ಜಾಲರಿ ಕಣ್ಣು ದೊಡ್ಡದಿತ್ತು, ಅದನ್ನ ತೆಗೆದು ಸಣ್ಣ ಕಣ್ಣಿನ ಗಟ್ಟಿ ಜಾಲರಿ ಹಾಕಿಸಿ, ತಳದಲ್ಲಿ ಒಂದಡಿ ಮಣ್ಣೊಳಗೆ ಹೂತರು, ತಗಡಿನ ಸಂದಿ ಮುಚ್ಚಿದ್ರು. ಮೂರ್ನಾಲ್ಕು ರಾತ್ರಿ ಅದು ಬಂದು ಸುತ್ತ ಓಡಾಡಿ ಹೋಗ್ತಿತ್ತಂತೆ, ಕಾಲಿನ ಗುರುತು ಬೆಳಗ್ಗೆ ಧೂಳಲ್ಲಿ ಕಾಣ್ತಿತ್ತು. ಎರಡನೇ ಫೋಟೋದಲ್ಲಿ ನೋಡಿದ್ರೆ ಅಗಲ ತಲೆ, ದಪ್ಪ ಕತ್ತು, ಒಂದು ಕಿವಿ ಹರಿದಿತ್ತು, ಗಂಡೇ ಇರಬೇಕು. ಜುಲೈ ಕೊನೆಗೆ ತೆಗೆದ ಫೋಟೋದಲ್ಲಿ ಸೊಂಟದ ಹತ್ರ ಕೂದಲು ಉದುರಿ ಬೋಳಾಗಿತ್ತು. ಆಗಸ್ಟ್ ಎರಡನೇ ವಾರದ ಮೇಲೆ ಬರಲಿಲ್ಲ.

"ಈಗ ಅದರ ಮರಿಗಳು ಎಲ್ಲಿರಬಹುದು ಚಿಕ್ಕಮ್ಮ?" ಅಂತ ಕೇಳಿದ್ಲು. ಅವಳ ಮನೆ ಹಿಂದಿನ ಗುಡ್ಡದಲ್ಲಿ, ಯಾವುದಾದ್ರೂ ಬಂಡೆ ಸಂದೀಲಿ, ಅಮ್ಮನ ಹೊಟ್ಟೆ ಮಡಿಲಲ್ಲಿ ಬಾಯಿ ಬಿಡದೆ ನೇತಾಡ್ತಿರ್ತಾವೆ ಅಂದೆ.